ಒಂದು ಮತದ ಜಿಲ್ಲೆಯ ಹುಡುಗ ಹುಡುಗಿಯರಿಗೆ

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಕಂಪ್ಯೂಟರು, ಮೊಬೈಲು, ಚೆಸ್ಸು, ಟೆಲಿಸ್ಕೋಪು, ಹಕ್ಕಿ ಪಟ್ಟಿ ಎಂದು ಏನಾದರೊಂದನ್ನು ತಲೆಗೆ ಹಚ್ಚಿಕೊಂಡಿರುವ ಪ್ರೀತಿಯ ಹುಡುಗ ಹುಡುಗಿಯರೇ,



ನಿಮ್ಮಲ್ಲಿ ಕೆಲವರಿಗೆ ನಾನು ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಹೇಳಿಕೊಟ್ಟಿದ್ದೇನೆ. ಉಳಿದವರನ್ನು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ, ಮೊಬೈಲ್ ರಿಪೇರಿ ಅಂಗಡಿಯ ಮುಂದೆ ಕಂಡಿದ್ದೇನೆ. ಎರಡು ಫೋನುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಪ್ರೊಸೆಸರ್ ಯಾವುದು, ಬಿಸಿಯಾದಾಗ ವೇಗ ಎಷ್ಟು ಇಳಿಯುತ್ತದೆ ಎಂದು ನೀವು ವಾದಿಸುವುದನ್ನು ಕೇಳುತ್ತಾ ನಿಂತಿದ್ದೇನೆ. ಕಂಪನಿಯವರು ಹೇಳಿದ್ದನ್ನು ನೀವು ಹಾಗೇ ನಂಬುವವರಲ್ಲ. ಯಾರಾದರೂ ಪರೀಕ್ಷಿಸಿದ್ದಾರಾ, ಹೇಗೆ ಪರೀಕ್ಷಿಸಿದರು, ಅಂಕಿ ಎಲ್ಲಿದೆ ಎಂದು ಕೇಳುತ್ತೀರಿ. ಇಂಥ ನೀವು ಚುನಾವಣೆಯ ಮಾತು ಬಂದ ಕೂಡಲೇ, "ಯಾವ ಪಾರ್ಟಿ ಬಂದ್ರೂ ಅಷ್ಟೇ ಬುಡಿ ಸಾ" ಎಂದು ಎದ್ದು ಹೋಗುತ್ತೀರಿ. ಇಲ್ಲವೇ ವಾಟ್ಸಾಪಿನಲ್ಲಿ ಬಂದದ್ದನ್ನು ಅಕ್ಷರ ಬಿಡದೆ ಒಪ್ಪಿಸುತ್ತೀರಿ. ಫೋನಿನ ಬ್ಯಾಟರಿಗೆ ಕೇಳುವ ಪ್ರಶ್ನೆಗಳಲ್ಲಿ ಅರ್ಧದಷ್ಟನ್ನಾದರೂ ನಮ್ಮೂರಿನ ಚುನಾವಣೆಗೆ ಕೇಳಿ ಎಂದು ಬೇಡಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನೌಕರಿಯಲ್ಲಿ ಇದ್ದಷ್ಟು ಕಾಲ ರಾಜಕೀಯದ ಬಗ್ಗೆ ಬಾಯಿ ಬಿಡುವಂತಿರಲಿಲ್ಲ. ಈಗ ನಿವೃತ್ತನಾಗಿದ್ದೇನೆ, ಅನಿಸಿದ್ದನ್ನು ಹೇಳಬಹುದು. ಯಾರಿಗೆ ಮತ ಹಾಕಬೇಕೆಂದು ಮಾತ್ರ ಇಲ್ಲಿ ಹೇಳುವುದಿಲ್ಲ. ಅದು ನಿಮ್ಮದು.

ಸಂತೇಮರಹಳ್ಳಿ ಎಂಬ ವಿಧಾನಸಭಾ ಕ್ಷೇತ್ರವೊಂದು ನಮ್ಮ ಜಿಲ್ಲೆಯಲ್ಲಿತ್ತು. ಕ್ಷೇತ್ರ ಮರುವಿಂಗಡಣೆಯಾದ ಮೇಲೆ, 2008ರಿಂದ ಅದಿಲ್ಲ. ನಿಮಗೆ ಆ ಹೆಸರು ಬಸ್ಸಿನ ಬೋರ್ಡಿನಲ್ಲಷ್ಟೇ ಗೊತ್ತು. 2004ರ ಚುನಾವಣೆಯಲ್ಲಿ ಅಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ ಬಂತು. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದು ಮತ! ಕೃಷ್ಣಮೂರ್ತಿಯವರ ಕಾರು ಓಡಿಸುತ್ತಿದ್ದವರಿಗೆ ಅವತ್ತು ಮತ ಹಾಕಲು ಬಿಡುವೇ ಸಿಗಲಿಲ್ಲ ಎಂಬ ಮಾತನ್ನು ಜಿಲ್ಲೆಯ ಜನ ಇವತ್ತಿಗೂ ಆಡುತ್ತಾರೆ. ಧ್ರುವನಾರಾಯಣ ಮುಂದೆ ಎರಡು ಸಲ ಸಂಸದರಾದರು. ಕೃಷ್ಣಮೂರ್ತಿಯವರು ವಿಧಾನಸಭಾ ಚುನಾವಣೆಯೊಂದನ್ನು ಮತ್ತೆ ಗೆದ್ದದ್ದು 2023ರಲ್ಲಿ, ಕೊಳ್ಳೇಗಾಲದಿಂದ.

ಕೃಷ್ಣಮೂರ್ತಿಯವರಿಗೆ ಇನ್ನೊಂದು ಮತ ಬಿದ್ದು ಇಬ್ಬರ ಮತವೂ ಸಮವಾಗಿದ್ದರೆ ಏನಾಗುತ್ತಿತ್ತು? 1951ರ ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಚುನಾವಣಾಧಿಕಾರಿ ಚೀಟಿ ಎತ್ತಿಸುತ್ತಿದ್ದರು. ಅದೇ ಕಾಯ್ದೆಯಲ್ಲಿ 135ಬಿ ಎಂಬ ಇನ್ನೊಂದು ಸೆಕ್ಷನ್ ಇದೆ. ಅಂಗಡಿ, ಕಾರ್ಖಾನೆ, ಹೋಟೆಲು ಎಲ್ಲೇ ದುಡಿಯುವವರಿಗೂ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು. ದಿನಗೂಲಿಯವರಿಗೂ ಅಂದಿನ ಕೂಲಿ ಸಲ್ಲಬೇಕು. ನಮ್ಮ ತಾಲ್ಲೂಕುಗಳ ಎಷ್ಟೋ ಜನ ಕೊಡಗಿನ ಕಾಫಿ ತೋಟದಲ್ಲಿ, ಕೇರಳದ ಶುಂಠಿ ಹೊಲದಲ್ಲಿ, ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುತ್ತಾರೆ. ಈ ಸೆಕ್ಷನ್ನಿನ ಹೆಸರು ಕೇಳಿದವರು ಅವರಲ್ಲಿ ಎಷ್ಟು ಮಂದಿ ಇದ್ದಾರೆ? ದಿನಕ್ಕೆ ಇಪ್ಪತ್ತು ರೀಲ್ಸ್ ಕಳಿಸುವ ನೀವು ಇದೊಂದನ್ನು ಅಚ್ಚುಕಟ್ಟಾಗಿ ಕನ್ನಡದಲ್ಲಿ ಬರೆದು ಚಾಲಕರ, ಕೂಲಿಯವರ ಗುಂಪುಗಳಿಗೆ ಕಳಿಸಬಾರದೇ?

ಈಗ ನಿಮಗೆ ಇಷ್ಟವಾಗುವ ಲೆಕ್ಕಕ್ಕೆ ಬರೋಣ. 2019ರ ಲೋಕಸಭಾ ಚುನಾವಣೆಯಲ್ಲಿ ಇದೇ ಧ್ರುವನಾರಾಯಣ ಅವರು ಬಿಜೆಪಿಯ ವಿ. ಶ್ರೀನಿವಾಸ ಪ್ರಸಾದ್ ಅವರೆದುರು 1,817 ಮತಗಳಿಂದ ಸೋತರು. ಹೆಗ್ಗಡದೇವನಕೋಟೆಯಿಂದ ಹನೂರಿನವರೆಗೆ ಎಂಟು ವಿಧಾನಸಭಾ ಕ್ಷೇತ್ರ ಸೇರಿ ಚಾಮರಾಜನಗರ ಲೋಕಸಭಾ ಕ್ಷೇತ್ರ. ಮತಗಟ್ಟೆಗಳು ಸುಮಾರು ಎರಡು ಸಾವಿರ. ಅಂದರೆ ಮತಗಟ್ಟೆಗೆ ಒಂದು ಮತವೂ ಪೂರ್ತಿ ಬರದ ಅಂತರ. ನೋಟಾಕ್ಕೆ ಬಿದ್ದ ಮತಗಳೇ ಇದಕ್ಕಿಂತ ಹೆಚ್ಚಿದ್ದವು. "ನನ್ನ ಒಂದು ಓಟಿನಿಂದ ಏನಾದೀತು" ಎನ್ನುವವರು ಈ ಎರಡು ಫಲಿತಾಂಶಗಳನ್ನು ಒಮ್ಮೆ ನೋಡಬೇಕು.

ಆದರೆ ನಾನು ಹೇಳಬೇಕೆಂದಿರುವುದು ಮತ ಹಾಕಿ ಎಂಬಷ್ಟನ್ನೇ ಅಲ್ಲ. ಇವಿಎಂ ನಂಬಬಹುದೋ ಇಲ್ಲವೋ ಎಂಬ ಜಗಳ ಪ್ರತಿ ಚುನಾವಣೆಯಲ್ಲೂ ಏಳುತ್ತದೆ. ನಮ್ಮ ಜಿಲ್ಲೆಯಲ್ಲಿ ಮತದಾನ ನಡೆದ 2024ರ ಏಪ್ರಿಲ್ 26ರಂದೇ ಸುಪ್ರೀಂ ಕೋರ್ಟು ಯಾರಿಗೆ ಮತ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಚೀಟಿಗಳನ್ನೆಲ್ಲ ಎಣಿಸಬೇಕೆಂಬ ಬೇಡಿಕೆಯನ್ನು ತಳ್ಳಿಹಾಕಿತು. ಬದಲಿಗೆ, ಪಕ್ಷದ ಚಿಹ್ನೆಗಳನ್ನು ವಿವಿಪ್ಯಾಟಿಗೆ ತುಂಬುವ ಸಾಧನವನ್ನು ಸೀಲು ಮಾಡಿ 45 ದಿನ ಇಡಬೇಕೆಂದಿತು. ಎರಡನೇ, ಮೂರನೇ ಸ್ಥಾನ ಪಡೆದ ಅಭ್ಯರ್ಥಿ ಕೇಳಿದರೆ ಪ್ರತಿ ವಿಧಾನಸಭಾ ಕ್ಷೇತ್ರದ ಶೇ. 5ರಷ್ಟು ಯಂತ್ರಗಳ ಮೈಕ್ರೋಕಂಟ್ರೋಲರನ್ನು ಪರೀಕ್ಷಿಸಬಹುದು ಎಂದಿತು. ಮೈಕ್ರೋಕಂಟ್ರೋಲರ್ ಎಂದರೆ ಏನೆಂದು ಈ ಜಿಲ್ಲೆಯಲ್ಲಿ ಸರಾಗವಾಗಿ ವಿವರಿಸಬಲ್ಲವರು ನೀವು. ಆ ದಿನ ನಿಮ್ಮಲ್ಲಿ ಎಷ್ಟು ಜನ ಆ ತೀರ್ಪಿನ ಬಗ್ಗೆ ಮಾತಾಡಿದಿರಿ?

ನಾನು ಹಲವು ಚುನಾವಣೆಗಳಲ್ಲಿ ಮತಗಟ್ಟೆಯ ಅಧ್ಯಕ್ಷಾಧಿಕಾರಿ, ಅಂದರೆ ಪಿಆರ್‌ಓ ಆಗಿ ಕೆಲಸ ಮಾಡಿದವನು. ಹಿಂದಿನ ದಿನ ಮಸ್ಟರಿಂಗ್ ಕೇಂದ್ರದಲ್ಲಿ ಯಂತ್ರ ಪಡೆದು, ಸರಂಜಾಮು ಲೆಕ್ಕ ಹಾಕಿ, ಬಸ್ಸಿನಲ್ಲಿ ಹೊರಟು, ಬೆಟ್ಟದ ಮೇಲಿನ ಒಂದು ಕೋಣೆಯ ಶಾಲೆಯಲ್ಲಿ ರಾತ್ರಿ ಕಳೆದಿದ್ದೇನೆ. ಕರೆಂಟು ಹೋದರೂ ಯಂತ್ರ ನಿಲ್ಲುವುದಿಲ್ಲ, ಬ್ಯಾಟರಿಯಲ್ಲೇ ನಡೆಯುತ್ತದೆ. ಬೆಳಗಿನ ಐದೂವರೆಗೆ ಅಣಕು ಮತದಾನ. ಪಕ್ಷಗಳ ಏಜೆಂಟರ ಕಣ್ಣೆದುರು ಕನಿಷ್ಠ 50 ಮತ ಹಾಕಿ, ಫಲಿತಾಂಶ ತೋರಿಸಿ, ವಿವಿಪ್ಯಾಟ್ ಚೀಟಿಗಳ ಜೊತೆ ತಾಳೆ ನೋಡಿ, ಎಲ್ಲವನ್ನೂ ಅಳಿಸಿ, ಸೀಲು ಹಾಕಬೇಕು. ಏಜೆಂಟರು ಬಾರದಿದ್ದರೆ ಕಾಲು ಗಂಟೆ ಕಾಯಬೇಕು, ಆಮೇಲೂ ಬಾರದಿದ್ದರೆ ಮುಂದುವರಿಸಬೇಕು. ಎಷ್ಟೋ ಕಡೆ ನಾನು ಆ ಕಾಲು ಗಂಟೆ ಕಾದಿದ್ದೇನೆ. ಬಂದವರಲ್ಲೂ ಕೆಲವರು ಆಕಳಿಸುತ್ತಾ, ಯಂತ್ರದ ಕಡೆ ನೋಡದೆ ರುಜು ಹಾಕಿದ್ದನ್ನು ಕಂಡಿದ್ದೇನೆ.

ಸಂಜೆ ಮತದಾನ ಮುಗಿದ ಮೇಲೆ 17ಸಿ ಎಂಬ ನಮೂನೆ ತುಂಬುತ್ತೇವೆ. ಈ ಮತಗಟ್ಟೆಯ ಯಂತ್ರದಲ್ಲಿ ಒಟ್ಟು ಇಷ್ಟು ಮತ ದಾಖಲಾಗಿದೆ, ಯಂತ್ರದ ಸಂಖ್ಯೆ ಇದು, ಸೀಲಿನ ಸಂಖ್ಯೆ ಇದು ಎಂದೆಲ್ಲ ಅದರಲ್ಲಿರುತ್ತದೆ. ಅದರ ದೃಢೀಕೃತ ಪ್ರತಿಯನ್ನು ಪ್ರತಿಯೊಬ್ಬ ಏಜೆಂಟರಿಗೂ ಕೊಡಬೇಕು. ಎಣಿಕೆಯ ದಿನ ಅದೇ ಯಂತ್ರ, ಅದೇ ಸೀಲು, ಅಷ್ಟೇ ಮತ ಬಂತೇ ಎಂದು ಹಿಡಿದು ನೋಡಲು ಇರುವ ಕಾಗದ ಅದು. ಅದನ್ನು ಬೆಂಚಿನ ಮೇಲೇ ಬಿಟ್ಟು ಎದ್ದುಹೋದ ಏಜೆಂಟರನ್ನು ನಾನು ನೋಡಿದ್ದೇನೆ. ಫಲಿತಾಂಶ ಬಂದ ಮೇಲೆ ಯಂತ್ರದಲ್ಲಿ ಮೋಸವಾಗಿದೆ ಎಂದು ಕೂಗುವವರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋಗುವವರು ಕಡಿಮೆ. ಆ ಬೆಂಚಿನ ಮೇಲೆ ನಿಮ್ಮಂಥವರು ಕೂರಬೇಕು ಎಂದು ಅವತ್ತೇ ನನಗೆ ಅನಿಸಿತ್ತು.

ಯಂತ್ರದ ಬಗ್ಗೆ ನನ್ನ ಸ್ವಂತ ಅಭಿಪ್ರಾಯ ಇದು. ಇವಿಎಂ ಬೇಕು, ಆದರೆ ತಾಳೆ ನೋಡುವ ರೀತಿ ಬದಲಾಗಬೇಕು. ಈಗ ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿ ಎಣಿಸುತ್ತಾರೆ. 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಒಂದಿದ್ದದ್ದು ಐದಾಯಿತು. ಅಂತರ ಒಂದು ಮತವಿರಲಿ, ಒಂದು ಲಕ್ಷವಿರಲಿ, ಐದೇ. ಇದು ಸರಿಯೇ? ನೀವೇ ಲೆಕ್ಕ ಮಾಡಿ. ಲೋಕಸಭಾ ಕ್ಷೇತ್ರಕ್ಕೆ ಎಂಟು ಐದಲೆ ನಲವತ್ತು ಮತಗಟ್ಟೆ. ಎರಡು ಸಾವಿರದಲ್ಲಿ ಇಪ್ಪತ್ತು ಯಂತ್ರಗಳ ಎಣಿಕೆ ತಪ್ಪಿದೆ ಎಂದು ಊಹಿಸಿಕೊಳ್ಳಿ. ಅಂದರೆ ನೂರಕ್ಕೆ ಒಂದು. ನಲವತ್ತರಲ್ಲಿ ಒಂದೂ ಸಿಕ್ಕಿಬೀಳದೆ ಹೋಗುವ ಸಂಭವ 0.99ರ ನಲವತ್ತನೇ ಘಾತ, ಹೆಚ್ಚುಕಡಿಮೆ ಶೇ. 67. ಆ ಇಪ್ಪತ್ತರಲ್ಲಿ ಒಂದೊಂದರಲ್ಲೂ 46 ಮತ ಅತ್ತಿಂದ ಇತ್ತ ಸರಿದರೆ 1,817ರ ಅಂತರ ಅಳಿಸಿಹೋಗುತ್ತದೆ. ಅದೇ ಇನ್ನೂರು ಯಂತ್ರ ತಪ್ಪಿದ್ದರೆ? 0.9ರ ನಲವತ್ತನೇ ಘಾತ. ಕಣ್ಣು ತಪ್ಪಿಸುವ ಸಂಭವ ಶೇ. 2ಕ್ಕಿಂತ ಕಡಿಮೆ. ದೊಡ್ಡ ಅಂತರವನ್ನು ತಿರುಗಿಸಲು ಬಹಳ ಯಂತ್ರ ಕೆಡಬೇಕು, ಬಹಳ ಕೆಟ್ಟರೆ ಐದರಲ್ಲೇ ಸಿಕ್ಕಿಬೀಳುತ್ತದೆ. ಸಣ್ಣ ಅಂತರಕ್ಕೆ ಐದು ಸಾಲದು. ಆದ್ದರಿಂದ ಅಂತರ ಕಿರಿದಾದಷ್ಟೂ ಹೆಚ್ಚು ಮತಗಟ್ಟೆ ಎಣಿಸಬೇಕು. ಸಂತೇಮರಹಳ್ಳಿಯಂಥದಾದರೆ ಎಲ್ಲವನ್ನೂ ಎಣಿಸಬೇಕು. 2019ರಲ್ಲಿ ಏನೋ ನಡೆಯಿತೆಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಹಬ್ಬಿಸಬೇಡಿ. ಸೋತವರೂ ಒಪ್ಪಿಕೊಳ್ಳುವಂಥ ಎಣಿಕೆ ಬೇಕು, ಅಷ್ಟೇ.

ಸ್ಯಾಂಪಲ್ ತೆಗೆದು ಇಡೀ ಲೆಕ್ಕ ಅಂದಾಜಿಸುವ ವಿದ್ಯೆ ನಿಮಗೆ ಹೊಸತಲ್ಲ. ಬಂಡೀಪುರದಲ್ಲಿ ಹುಲಿ ಎಣಿಸುವುದು ಹಾಗೆಯೇ. ಕ್ಯಾಮೆರಾ ಕಟ್ಟಿ, ಪಟ್ಟೆ ನೋಡಿ ಗುರುತು ಹಿಡಿದು, ಕಂಡ ಹುಲಿ ಮತ್ತೆ ಎಷ್ಟು ಸಲ ಸಿಕ್ಕಿತು ಎಂಬುದರಿಂದ ಕಾಣದ ಹುಲಿಗಳ ಲೆಕ್ಕ ಹಾಕುತ್ತಾರೆ. ಕೆ. ಉಲ್ಲಾಸ ಕಾರಂತರು ಈ ವಿಧಾನವನ್ನು ನಾಗರಹೊಳೆಯ ಹುಲಿಗಳಿಗೆ ಅನ್ವಯಿಸಿ ತೋರಿಸಿದರು. ಈ ಗಣಿತದ ಬಗ್ಗೆ ನಿಮ್ಮಲ್ಲಿ ಕೆಲವರು ನನ್ನೊಡನೆ ಗಂಟೆಗಟ್ಟಲೆ ಮಾತಾಡಿದ್ದೀರಿ. ಹುಲಿಗೆ ಕೊಟ್ಟ ಗಮನ ಮತಕ್ಕೂ ಸಲ್ಲಲಿ.

ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರವೇ ಇರಲಿ ಎಂದು ಶಿಫಾರಸು ಮಾಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ನನಗೆ ಅದು ಹಿಡಿಸಲಿಲ್ಲ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆ ನಮ್ಮಲ್ಲಿ ಮತಪತ್ರದಲ್ಲೇ ನಡೆಯಿತು. ಎರಡು ಚಿಹ್ನೆಗಳ ನಡುವಿನ ಗೆರೆಯ ಮೇಲೆ ಬಿದ್ದ ಮುದ್ರೆ, ಮಡಿಸುವಾಗ ಇನ್ನೊಂದು ಚಿಹ್ನೆಗೂ ಅಂಟಿದ ಮಸಿ, ಇದು ಸಿಂಧುವೋ ಅಸಿಂಧುವೋ ಎಂಬ ಕೂಗಾಟ ಎಲ್ಲವೂ ಇದ್ದದ್ದೇ. ಕಣ್ಣು ಮಂಜಾದ ಅಜ್ಜಿಯರ ಮತ ಹೀಗೆ ಹಾಳಾಗುವುದು ಸುಲಭ. ಯಂತ್ರದಲ್ಲಿ ಅಸಿಂಧು ಮತವೆಂಬುದಿಲ್ಲ. ಕಾಗದವೋ ಯಂತ್ರವೋ ಎಂಬ ವಾದದಲ್ಲಿ ಇನ್ನೂ ದೊಡ್ಡ ವಿಷಯವೊಂದು ಮರೆತೇ ಹೋಗಿದೆ. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಇದಕ್ಕೆ ಸಿಟ್ಟು ಬರಬೇಕು ನಿಮಗೆ.

ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮಾತು ನಿಮಗೂ ಗೊತ್ತು. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ ಎಂದು ಪಟ್ಟಿ ಒಪ್ಪಿಸುತ್ತಾರೆ. ನಗುವ ವಿಷಯವೆಂದು ಬಿಡಬೇಡಿ. ಇದರ ದೆಸೆಯಿಂದ ಜಿಲ್ಲೆಯ ಕೇಂದ್ರ ಮುಖ್ಯಮಂತ್ರಿಗಳ ಮುಖವನ್ನೇ ಕಾಣದೆ ಎಷ್ಟೋ ಕಾಲ ಉಳಿಯಿತು. ತರ್ಕದಿಂದ ನೋಡಿ. ಕರ್ನಾಟಕದಲ್ಲಿ ಪೂರ್ತಿ ಐದು ವರ್ಷ ಆಳಿದವರೇ ಬೆರಳೆಣಿಕೆಯಷ್ಟು. 1985ರ ನಂತರ ಯಾವ ಪಕ್ಷವೂ ಸತತ ಎರಡು ಚುನಾವಣೆ ಗೆದ್ದಿಲ್ಲ. ಹೀಗಿರುವಾಗ ಯಾವ ಊರಿನ ಹೆಸರು ಹಿಡಿದರೂ ಅಲ್ಲಿಗೆ ಹೋದವರು ಕುರ್ಚಿ ಕಳೆದುಕೊಂಡೇ ಇರುತ್ತಾರೆ. ಇಲ್ಲಿಗೆ ಬಾರದೆ ದೂರ ಉಳಿದ ಎಸ್.ಎಂ. ಕೃಷ್ಣ, ಧರ್ಮಸಿಂಗ್ ಅವರ ಕುರ್ಚಿಯೂ ಉಳಿಯಲಿಲ್ಲ. 2013ರಿಂದ 2018ರವರೆಗೆ ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದರು, ಅವಧಿ ಪೂರೈಸಿದರು. ಬಂದು ಕುರ್ಚಿ ಬಿಟ್ಟವರು, ಬಂದೂ ಉಳಿದವರು, ಬಾರದೆಯೂ ಬಿಟ್ಟವರು, ಬಾರದೆ ಉಳಿದವರು ಎಂದು ನಾಲ್ಕು ಮನೆಯ ಕೋಷ್ಟಕ ಬರೆದು ಊರ ಹಿರಿಯರಿಗೆ ಒಮ್ಮೆ ತೋರಿಸಿ. ಕಾಲೇಜಿನಲ್ಲಿ ಕಲಿತ ಸಂಖ್ಯಾಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ತೋಚುವುದಿಲ್ಲ.

ಇನ್ನೊಂದು ಅಭಿಪ್ರಾಯ, ಕೆಲವರಿಗೆ ಕಹಿಯಾದೀತು. ಗುಂಡ್ಲುಪೇಟೆ ಕೆ.ಎಸ್. ನಾಗರತ್ನಮ್ಮನವರನ್ನು ಏಳು ಸಲ ಗೆಲ್ಲಿಸಿದ ಊರು. 1972ರಲ್ಲಿ ಅವರು ಕರ್ನಾಟಕ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದರು. ಅವರ ನಂತರ ಆ ಪೀಠಕ್ಕೆ ಇನ್ನೊಬ್ಬ ಹೆಣ್ಣುಮಗಳು ಬಂದಿಲ್ಲ. ಇವತ್ತು ಸುತ್ತ ನೋಡಿದರೆ ಪತಿಯ ನಂತರ ಪತ್ನಿ, ತಂದೆಯ ನಂತರ ಮಗ. ಗುಂಡ್ಲುಪೇಟೆಯ ಶಾಸಕರಾಗಿದ್ದ ಎಚ್.ಎಸ್. ಮಹದೇವಪ್ರಸಾದ್ ಅವರ ನಂತರ ಅವರ ಪತ್ನಿ, ಆಮೇಲೆ ಮಗ. ಪಕ್ಕದ ನಂಜನಗೂಡಿನಲ್ಲಿ ಧ್ರುವನಾರಾಯಣ ಅವರ ಮಗ. ಅವರೆಲ್ಲ ಜನರ ಮತ ಪಡೆದೇ ಬಂದವರು, ಅವರ ಮೇಲೆ ನನಗೆ ದೂರಿಲ್ಲ. ಪಕ್ಷಗಳು ಹೊಸಬರನ್ನು ಹುಡುಕುವ ಶ್ರಮವನ್ನೇ ಬಿಟ್ಟಿವೆ ಎಂಬುದು ನನ್ನ ಸಂಕಟ. ನಿಮ್ಮಲ್ಲೇ ಒಬ್ಬ ಹುಡುಗಿ ಪಂಚಾಯಿತಿಗೆ ನಿಂತರೆ ನಾನು ಮನೆಮನೆಗೆ ಬಂದು ಕೇಳಿಕೊಳ್ಳುತ್ತೇನೆ.

ಈಗ ಕೈಯಿಂದ ಆಗಬೇಕಾದ ಕೆಲಸಗಳ ಮಾತು. ಮೊದಲನೆಯದು ಮತದಾರರ ಪಟ್ಟಿ. ಮಲೆಯ ಮಹದೇಶ್ವರನನ್ನು ಮಾದಪ್ಪ ಎಂದು ಕರೆಯುವ ನಮ್ಮ ಕಡೆ ಅವನ ಹೆಸರಿಲ್ಲದ ಮನೆಯಿಲ್ಲ. ಮಾದಪ್ಪ, ಮಾದೇಶ, ಮಹದೇವ, ಮಹದೇವಸ್ವಾಮಿ, ಮಾದಮ್ಮ, ಮಹದೇವಮ್ಮ. ಒಂದೇ ಬೀದಿಯಲ್ಲಿ "ಮಹದೇವಮ್ಮ, ಗಂಡ ಮಾದಪ್ಪ" ಮೂವರಿರುತ್ತಾರೆ, ವಯಸ್ಸೂ ಆಸುಪಾಸು. ಆಧಾರಿನಲ್ಲಿ ಮಹದೇವಮ್ಮ, ಪಟ್ಟಿಯಲ್ಲಿ ಮಾದೇವಮ್ಮ. ಒಂದೇ ಥರದ ಹೆಸರುಗಳನ್ನು ಹೆಕ್ಕಿ ತೋರಿಸುವ ತಂತ್ರಾಂಶ ಬಳಕೆಯಲ್ಲಿದೆ. ಅದಕ್ಕೆ ಮಲೆಯ ಮಹದೇಶ್ವರನ ಒಕ್ಕಲು ಗೊತ್ತಿಲ್ಲ! ಸರಿಯಾಗಿ ವಿಚಾರಿಸದೆ ಹೆಸರು ತೆಗೆಸುವ ನಮೂನೆ 7 ತುಂಬಿಬಿಟ್ಟರೆ, ಬದುಕಿರುವ ಮಹದೇವಮ್ಮ ಪಟ್ಟಿಯಿಂದ ಮಾಯ. ಕರಡು ಪಟ್ಟಿ ಬಂದಾಗ ನಿಮ್ಮ ಬೀದಿಯ ಭಾಗವನ್ನು ಇಳಿಸಿಕೊಂಡು ಒಂದು ಭಾನುವಾರ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದಿ. ಹೆಸರು ಬಿಟ್ಟವರಿಗೆ ನಮೂನೆ 6, ತಪ್ಪಿದ್ದವರಿಗೆ ನಮೂನೆ 8 ತುಂಬಿಕೊಡಿ. ನಿಮ್ಮ ಬಿಎಲ್‌ಓ (ಮತಗಟ್ಟೆ ಮಟ್ಟದ ಅಧಿಕಾರಿ) ಬಹುಶಃ ಅಂಗನವಾಡಿ ಟೀಚರು ಅಥವಾ ಮೇಷ್ಟ್ರು, ಅವರಿಗೆ ಹತ್ತಾರು ಕೆಲಸ. ಜಗಳಕ್ಕೆ ಹೋಗದೆ ಜೊತೆ ಕೊಡಿ. ನಿಮ್ಮ ತಮ್ಮ ತಂಗಿಯರಿಗೆ ಹದಿನೇಳು ತುಂಬಿದ್ದರೆ ಈಗಲೇ ಅರ್ಜಿ ಹಾಕಿಸಿ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕುಗಳಲ್ಲಿ ಯಾವುದಕ್ಕೆ ಹದಿನೆಂಟು ತುಂಬಿದರೂ ಹೆಸರು ಸೇರುತ್ತದೆ.

ಎರಡನೆಯದು, ಮತಗಟ್ಟೆವಾರು ಫಲಿತಾಂಶ ಇರುವ ನಮೂನೆ 20. ಇದು ಸಾರ್ವಜನಿಕ ದಾಖಲೆ, ಆದರೆ ಎಷ್ಟೋ ಸಲ ಸಿಗುವುದು ಸ್ಕ್ಯಾನ್ ಮಾಡಿದ ಪಿಡಿಎಫ್, ಹುಡುಕಲೂ ಬಾರದು, ಕೂಡಲೂ ಬಾರದು. ಚಾಮರಾಜನಗರ, ಗುಂಡ್ಲುಪೇಟೆಗಳ ಹಿಂದಿನ ಮೂರು ನಾಲ್ಕು ಚುನಾವಣೆಗಳದ್ದನ್ನು ಯೂನಿಕೋಡ್ ಕನ್ನಡದಲ್ಲಿ ಸ್ಪ್ರೆಡ್‌ಶೀಟಿಗೆ ಇಳಿಸಿ. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ತಾಳೆ ನೋಡಿ. ಯಾವ ಊರಿನಲ್ಲಿ ಮತದಾನ ಕಡಿಮೆ, ಎಲ್ಲಿ ನೋಟಾ ಜಾಸ್ತಿ ಎಂಬುದು ಗೊತ್ತಾದರೆ ಆ ಊರಿನ ಕಷ್ಟ ಏನೆಂದು ಕೇಳಲು ದಾರಿಯಾಗುತ್ತದೆ.

ಇಂಡಿಗನತ್ತದ ವಿಷಯ ನಿಮಗೆ ನೆನಪಿರಬೇಕು. ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಆ ಊರಿನವರು ರಸ್ತೆ, ನೀರು, ಕರೆಂಟಿಗಾಗಿ 2024ರ ಏಪ್ರಿಲ್ 26ರ ಮತದಾನ ಬಹಿಷ್ಕರಿಸಿದರು. ಗಲಾಟೆಯಾಗಿ ಮತಗಟ್ಟೆ, ಯಂತ್ರ ಪುಡಿಯಾದವು. 29ರಂದು ಮರುಮತದಾನ ನಡೆಯಿತು. ಯಂತ್ರ ಒಡೆದದ್ದನ್ನು ನಾನು ಎಂದೂ ಒಪ್ಪಲಾರೆ. ಆದರೆ ಅಲ್ಲಿಗೆ ರಸ್ತೆ ಏಕಿಲ್ಲ ಎಂಬ ಪ್ರಶ್ನೆ ಯಂತ್ರದ ಜೊತೆ ಒಡೆದುಹೋಗಲಿಲ್ಲ. ಮತದಾರ ಎರಡು ಕಿಲೋಮೀಟರಿಗಿಂತ ಹೆಚ್ಚು ನಡೆಯಬೇಕಾಗಬಾರದು ಎಂಬುದು ಆಯೋಗದ ಸಾಮಾನ್ಯ ನಿಯಮ. ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಎರಡು, ಕಾಲುದಾರಿಯಲ್ಲಿ ಬೆಟ್ಟ ಬಳಸಿ ಹೋದರೆ ಐದು ಆಗುವ ಸೋಲಿಗರ ಪೋಡುಗಳು ನಮ್ಮಲ್ಲಿ ಇರುತ್ತವೆ. ಬೈಕಿನಲ್ಲಿ ಹೋಗಿ ಜಿಪಿಎಸ್ ಜಾಡು ದಾಖಲಿಸುವುದು ನಿಮ್ಮ ಖುಷಿ. ಅರಣ್ಯ ಇಲಾಖೆಯ ಅನುಮತಿ ಪಡೆದು, ಸೋಲಿಗರ ಜೊತೆ ನಡೆದು ಆ ದಾರಿಗಳನ್ನು ಅಳೆಯಿರಿ. ಓಪನ್‌ಸ್ಟ್ರೀಟ್‌ಮ್ಯಾಪಿಗೆ ಸೇರಿಸಿ. ಅಳತೆಯ ಸಮೇತ ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಡಿ. ಜಿಲ್ಲಾ ಚುನಾವಣಾಧಿಕಾರಿಗಳೂ ಅವರೇ.

ಕಡೆಯದು, ನಾನು ಬಹಳ ದಿನದಿಂದ ಕೇಳಬೇಕೆಂದಿದ್ದದ್ದು. ಮುಂದಿನ ಚುನಾವಣೆಯಲ್ಲಿ ನಿಮ್ಮಲ್ಲಿ ಕೆಲವರಾದರೂ ಮತಗಟ್ಟೆ ಏಜೆಂಟರಾಗಿ ಕೂರಿ. ಯಾವ ಪಕ್ಷದ ಪರ ಎಂದು ನಾನು ಕೇಳುವುದಿಲ್ಲ, ಪಕ್ಷೇತರರ ಪರವೇ ಆಗಲಿ. ಬೆಳಗ್ಗೆ ಐದೂವರೆಗೆ ಬನ್ನಿ, 50 ಮತ ಎಣಿಸಿ, ಸೀಲಿನ ಸಂಖ್ಯೆ ಬರೆದುಕೊಳ್ಳಿ, ಸಂಜೆ 17ಸಿ ಕೇಳಿ ಪಡೆಯಿರಿ, ಎಣಿಕೆಯಾದ ಮೇಲೆ ನಮೂನೆ 20ರ ಜೊತೆ ತಾಳೆ ನೋಡಿ. ಸರಿಬಂದರೆ ಸರಿಬಂತೆಂದು ನಿಮ್ಮ ಗುಂಪುಗಳಲ್ಲಿ ಬರೆಯಿರಿ. ಸರಿಬಾರದಿದ್ದರೆ ಅಭ್ಯರ್ಥಿಯ ಮೂಲಕ ಲಿಖಿತ ದೂರು ಕೊಡಿ. ಏಜೆಂಟರ ಕೆಲಸ, ಈ ನಮೂನೆಗಳನ್ನು ಓದುವ ಬಗೆ ಇವುಗಳನ್ನು ಹೇಳಿಕೊಡಲು ನಾನು ಸಿದ್ಧ. ನಿಮ್ಮ ಕಾಲೇಜಿಗೆ ಕರೆಯಿರಿ, ಇಲ್ಲವೇ ಭಾನುವಾರ ನಮ್ಮ ಮನೆಗೇ ಬನ್ನಿ. ಲ್ಯಾಪ್‌ಟಾಪ್ ತನ್ನಿ, ಟೀ ನಮ್ಮದು.

ಇಂತಿ,
ನಿಮ್ಮ ಏಳಿಗೆ ಬಯಸುವ,
ನಿವೃತ್ತ ಗಣಿತ–ವಿಜ್ಞಾನ ಮೇಷ್ಟ್ರು,
ಗುಂಡ್ಲುಪೇಟೆ